ಕಲ್ಲು ನಿಲ್ಲಿಸಿ ಹಾಡಿಸಿದ ಪದ

ಈ ಸಂಗತಿಯನ್ನು ಮೊದಲು ಹೇಳಿದವನು ನರೋಣಾದ ರೇಡಿಯೋ ರಿಪೇರಿಯ ಸೈದಪ್ಪನೇ, ೧೯೮೮ರ ಫಾಲ್ಗುಣದಲ್ಲಿ, ಜೇವರ್ಗಿಯ ಬಡಿಗ ಲಾಡ್ಲೆಸಾಬನ ಮುಂದೆ — ಆ ಬೆಳಿಗ್ಗೆ ಮನೆಯ ಪಡಸಾಲೆಯಲ್ಲಿ ಮತ್ತೆ ಅದೇ ಸದ್ದು, ‘ಸ’ಕಾರ ಬಂದಲ್ಲೆಲ್ಲ ತಗಡಿನ ಮೇಲೆ ಮೊಳೆ ಎಳೆದಂತೆ, ಸೈದಪ್ಪನ ಹಲ್ಲು ಜುಂ ಎನ್ನುತ್ತವೆ, ಅವ್ವ ಹಾಡುತ್ತಿದ್ದಾಳೆ, ಸತ್ತು ನಾಲ್ಕು ತಿಂಗಳಾದ ಹಣಮವ್ವ ಕ್ಯಾಸೆಟ್ಟಿನಲ್ಲಿ ಹಾಡುತ್ತಿದ್ದಾಳೆ, ಅವಳ ದನಿ ಹೀಗಿತ್ತೇ, ಇರಲಿಲ್ಲ, ಇದು ಡಬ್ಬಿಯ ತಪ್ಪು, ತಾನೇ ಕಟ್ಟಿದ ಸ್ಪೀಕರಿನ ತಪ್ಪು — ಮಧ್ಯಾಹ್ನಕ್ಕೆ ನಿಂಬೆವ್ವ ಬರುತ್ತಾಳೆ, ಮೂವತ್ತು ವರ್ಷ ಅವ್ವನ ಎದುರಿಗೆ ಕೂತು ಬೀಸುವ ಕಲ್ಲಿನ ಒಂದೇ ಗೂಟ ಹಿಡಿದು ಜೋಳ ಬೀಸಿದವಳು, ಗೆಳತಿ ಹೋದಂದಿನಿಂದ ಅವಳ ಬಾಯಲ್ಲಿ ಒಂದು ಬೀಸುವ ಪದವೂ ಇಲ್ಲ, ಅವ್ವನ ದನಿ ಕೇಳಿ ಆಕೆ ಒಂದು ಸೊಲ್ಲು ಎತ್ತಬೇಕು, ಅಷ್ಟೇ ಬೇಕಾದದ್ದು, ಅಷ್ಟಕ್ಕೇ ಇದೆಲ್ಲ — ಗುಲ್ಬರ್ಗಾದಿಂದ ತಂದ ಎಂಟಿಂಚಿನ ಒಂಟಿ ಸ್ಪೀಕರು, ದಪ್ಪ ದನಿಗೂ ಸಣ್ಣ ದನಿಗೂ ಅದೊಂದೇ, ಸಣ್ಣ ದನಿಗೆಂದು ಅದರ ನಟ್ಟನಡುವೆ ಪುಟ್ಟದೊಂದು ಕಾಗದದ ಬಟ್ಟಲು, ಡಬ್ಬಿ ಕೊಡುವಾಗಲೇ ಲಾಡ್ಲೆಸಾಬ ನಕ್ಕಿದ್ದ, ಲೇ ಸೈದ್ಯಾ, ಸಾಗವಾನಿ ಹಾಕೀನಿ, ಇನ್ನ ಕಿರಚಿದ್ರ ನನ್ನ ಕೇಳಬ್ಯಾಡ — ಒಳಗೆ ಹತ್ತಿ ತುಂಬಿದ್ದಾಯಿತು, ದಪ್ಪ ದನಿಯ ಗುಂಯ್‌ಗುಡುವಿಕೆ ನಿಂತಿತು, ಕಿರುಚು ನಿಲ್ಲಲಿಲ್ಲ, ಕೇಳುವವರ ಕಿವಿಗೆ ನೇರ ನಾಟದಂತೆ ಡಬ್ಬಿಯ ಮುಖವನ್ನು ಓರೆಗೆ ತಿರುಗಿಸಿದ್ದಾಯಿತು, ತುಸು ತಗ್ಗಿತು, ತಾಮ್ರದ ತಂತಿಯನ್ನು ಸುರುಳಿ ಸುತ್ತಿ ವೈರಿನ ನಡುವೆ ಬೆಸೆದದ್ದಾಯಿತು, ಇನ್ನೂ ತುಸು, ಆದರೂ ಹೋಗದು, ಒಳಗಿನಿಂದ ಹೆಂಡತಿ ಜೋಳ ಕೇರುತ್ತಲೇ, ಅತ್ತಿ ಇದ್ದಾಗೂ ಹಿಂಗೇ ಒದರತಿದ್ರು, ಹೋದ ಮ್ಯಾಲೂ ಬಿಡವಲ್ರು, ಸುಮ್ಮನಿರಬೇ, ಸೊಸೆಯ ಬಾಯಿ, ಸೊಸೆಗೆ ಅತ್ತೆಯ ದನಿ ಯಾವತ್ತು ಇಂಪಾಗಿತ್ತು — ಹೋದ ವರ್ಷ ಇದೇ ಪಡಸಾಲೆಯಲ್ಲಿ ರೆಕಾರ್ಡ್ ಮಾಡುವಾಗ ತಾನೇ ಹೇಳಿದ್ದು, ಅವ್ವಾ ಕಲ್ಲು ನಿಲ್ಸು, ಗರಗರ ಅಂತದ, ಪದ ಕೇಳಂಗಿಲ್ಲ, ಕಲ್ಲ ಬಿಟ್ಟು ಹ್ಯಾಂಗ ಹಾಡಲೋ ಯಪ್ಪಾ, ಬಾಯಿ ಏಳಂಗಿಲ್ಲ, ಆದರೂ ಮಗನ ಮಾತು ಮುರಿಯದೆ ಬರಿಗಾಳಿಯಲ್ಲಿ ತೋಳು ತಿರುಗಿಸುತ್ತ ಹಾಡಿದಳು, ಕಲ್ಲು ಬಾಗಿಲ ಮರೆಯಲ್ಲಿ ಸುಮ್ಮನೆ ಕೂತಿತ್ತು — ಮತ್ತೆ ‘ಸ’, ಮತ್ತೆ ಮೊಳೆ, ಇನ್ನು ಉಳಿದದ್ದು ಒಂದೇ, ಆ ಪುಟ್ಟ ಬಟ್ಟಲು, ಕಿರುಚು ಹುಟ್ಟುವುದೇ ಅಲ್ಲಿ, ಬ್ಲೇಡು, ಉಸಿರು ಬಿಗಿಹಿಡಿದು ಸುತ್ತಲೂ ಒಂದು ಗೆರೆ, ಕಾಗದ ಹರಿದು ಮೂರು ಚೂರಾಗಿ ಅಂಗೈಗೆ ಬಿತ್ತು, ಕ್ಯಾಸೆಟ್ಟು ಹಚ್ಚಿದರೆ ಆಹಾ, ಮೊಳೆಯಿಲ್ಲ, ತಗಡಿಲ್ಲ, ಅವ್ವ ಹಾಲಿನಂತೆ ಹಾಡುತ್ತಿದ್ದಾಳೆ.

ಬಂದರು, ಓಣಿಯ ಐದಾರು ಹೆಂಗಸರು, ನಡುವೆ ನಿಂಬೆವ್ವ, ಬಾ ಚಿಗವ್ವ, ಇಲ್ಲಿ ಮುಂದ ಕೂಡು, ಕೂತಳು, ಪದ ಸುರುವಾಯಿತು, ಸೈದಪ್ಪ ಆಕೆಯ ತುಟಿಯನ್ನೇ ನೋಡುತ್ತಿದ್ದಾನೆ, ಈಗ ಅಲುಗುತ್ತದೆ, ಒಂದು ನುಡಿ ಮುಗಿಯಿತು, ಈಗ, ಎರಡನೆಯದೂ ಮುಗಿಯಿತು, ಮುಚ್ಚಿದ ತುಟಿ, ಯಾಕ ಚಿಗವ್ವ, ಯಾರೋ ತಮ್ಮಾ ಈಕಿ, ಅವ್ವನೇ ಚಿಗವ್ವ, ನಿಮ್ಮ ಹಣಮಿ, ಹೋಗೋ, ಈಕಿ ಯಾರೋ ರೇಡಿಯೋದಾಕಿ, ನಮ್ಮ ಹಣಮಿ ಪದಾ ಎತ್ತಿದ್ರ ಕಲ್ಲಿನ ಸಪ್ಪಳ ಸೀಳಿ ಮ್ಯಾಲ ಬರ್ತಿತ್ತು, ಬಾಜೂ ಕೂತಾಕಿ ಕಿವಿ ಜುಂ ಅಂತಿತ್ತು, ಹೆಂಗಸರು ನಕ್ಕರು, ಖರೇ ಬೇ, ಕೆರಿ ತನಕ ಕೇಳತಿತ್ತು — ಸೀಳಿ, ಕಲ್ಲಿನ ಗರಗರ ಸೀಳಿ, ಹಾಗಾದರೆ ಕಿರುಚು ಡಬ್ಬಿಯದಲ್ಲ, ಬರೀ ಡಬ್ಬಿಯದಲ್ಲ, ನಾನು ಕಲ್ಲು ನಿಲ್ಲಿಸಿದೆ, ಆಕೆಯ ದನಿ ಕಲ್ಲಿಲ್ಲದೆ ಬೆತ್ತಲೆ ನಿಂತಿತು, ಈಗ ಆ ದನಿಯನ್ನೂ ಕೊಯ್ದೆ, ಆ ಬಟ್ಟಲಿಗೆ ಗೋಂದು ಹಚ್ಚಿದರೆ, ಮೂರು ಚೂರು, ಒಂದು ಆಗಲೇ ಕಾಲಡಿ ಸಿಕ್ಕು ಮುದುಡಿದೆ, ತಡಿ ಚಿಗವ್ವ, ಇನ್ನೊಂದು ಪದ ಅದ, ಇರ್ಲಿ ಬಿಡೋ ಯಪ್ಪಾ, ಬರ್ತೇನಿ, ನಿಂಬೆವ್ವ ಮೊಣಕಾಲಿಗೆ ಕೈಯೂರಿ ಎದ್ದಳು, ಸೊಲ್ಲು ಎತ್ತಲಿಲ್ಲ, ಉಳಿದವರು ಸೆರಗು ಝಾಡಿಸಿಕೊಂಡು ಎದ್ದರು, ಹಾಡು ಇನ್ನೂ ನಡೆದಿತ್ತು, ಒಬ್ಬೊಬ್ಬರಾಗಿ ಹೊಸ್ತಿಲು ದಾಟಿ ತಮ್ಮ ತಮ್ಮ ಮನೆಗೆ ಹೋದರು.