ಕತ್ತಿನೊಳಗಿನ ಕಂಬಿ

ಕೀಸುಳಿಯ ಅಲಗು ಟಿಣ್ ಎಂದಿತು. ಬಡಗಿಯ ಕೈ ಹಾಗೇ ನಿಂತುಬಿಟ್ಟಿತು.

ಮೂವತ್ತೈದು ವರ್ಷ ಬಾಗಿಲು, ಕುರ್ಚಿ, ತೊಟ್ಟಿಲು ಮಾಡಿದ ಕೈ ಅದು. ಮರದೊಳಗೆ ಗಂಟು ಸಿಕ್ಕಿದ್ದುಂಟು, ಹಳೇ ಮೊಳೆ ಸಿಕ್ಕಿದ್ದುಂಟು. ಆದರೆ ಈಗ ಹೊಟ್ಟು ಊದಿ ನೋಡಿದರೆ, ತಂಗಿಯ ಗಿಟಾರಿನ ಉದ್ದನೆಯ ಕತ್ತಿನ ಬೆನ್ನಲ್ಲಿ ಗೇಣುದ್ದ ಕಬ್ಬಿಣದ ಕಂಬಿ ಮಿರಮಿರ ಮಿಂಚುತ್ತಿತ್ತು. ಹಾವು ಕಂಡವನಂತೆ ಅವನು ಎರಡು ಹೆಜ್ಜೆ ಹಿಂದೆ ಸರಿದ.

ತಂಗಿ ಆಸ್ಪತ್ರೆಯಲ್ಲಿ ನರ್ಸ್. ವಯಸ್ಸು ನಲವತ್ತೊಂದು. ಹಳೇ ಸಾಮಾನಿನ ಅಂಗಡಿಯಲ್ಲಿದ್ದ ಮೂರು ಎಲೆಕ್ಟ್ರಿಕ್ ಗಿಟಾರುಗಳನ್ನು ಮೂರು ಸಂಜೆ ಹೋಗಿ ನುಡಿಸಿ ನೋಡಿ, ಅಗ್ಗದ್ದನ್ನೇ ಆರಿಸಿದ್ದಳು. ಅಲ್ಲಲ್ಲಿ ಬಣ್ಣ ಕಿತ್ತುಹೋಗಿತ್ತು, ನಿಜ. ಆದರೆ ಕತ್ತು ನೆಟ್ಟಗಿತ್ತು, ಅದರ ಮೇಲಿನ ಲೋಹದ ಮೆಟ್ಟುಗಳು ಸವೆದಿರಲಿಲ್ಲ. ತೆಳುವಾದ ತಂತಿಗಳನ್ನು ಹಾಕಿ, ಬೆರಳಿಗೆ ಸುಲಭವಾಗಲೆಂದು ಅವನ್ನು ಕತ್ತಿಗೆ ಹತ್ತಿರವಾಗುವಂತೆ ತಾನೇ ತಗ್ಗಿಸಿಕೊಂಡಿದ್ದಳು. ಕತ್ತು ದಪ್ಪವಾಗಿದ್ದುದೊಂದೇ ತೊಂದರೆ.

"ಒನಕೆ ಹಿಡ್ಕೊಂಡ ಹಾಗಾಗುತ್ತೆ ಅಣ್ಣ, ಬೆರಳು ಓಡೋದೇ ಇಲ್ಲ. ಸ್ವಲ್ಪ ಹೆರೆದು ಕೊಡ್ತೀಯಾ?"

ಅವಳು ಕೇಳಿದ್ದು ಸ್ವಲ್ಪ. ಅಕ್ಕರೆಯಲ್ಲಿ ಅವನು ಹೆರೆದದ್ದು ಧಾರಾಳ. ಭಾನುವಾರ ಹತ್ತು ಗಂಟೆಗೆ ಬ್ಯಾಂಡಿನವರು ಅವಳ ನುಡಿಸಾಣಿಕೆ ಕೇಳುವವರಿದ್ದರು. ಮಿಂಚಿನಂತೆ ಓಡುವ ಒಂದು ತುಣುಕನ್ನು ತಡವರಿಸದೆ ನುಡಿಸಿದರೆ ಜಾಗ ಅವಳದು. ಇವತ್ತು ಶುಕ್ರವಾರ.

"ಏನಣ್ಣ, ಮುಖಕ್ಕೆ ಸುಣ್ಣ ಬಳ್ಕೊಂಡಿದೀಯಾ?" ಎನ್ನುತ್ತಲೇ ತಂಗಿ ಒಳಗೆ ಬಂದಳು. ಅವನು ಗಿಟಾರಿನ ಕತ್ತಿನತ್ತ ಬೆರಳು ತೋರಿಸಿದ.

ಅವಳು ನೋಡಿದಳು. ಪಕ್ಕದ ಸ್ಟೂಲಿನ ಮೇಲೆ ಧೊಪ್ಪನೆ ಕುಳಿತಳು. "ಅಯ್ಯಯ್ಯೋ! ಬೆನ್ನುಮೂಳೇನೇ ಕಾಣ್ತಿದೆಯಲ್ಲೋ!"

"ಮರದೊಳಗೆ ಯಾರಾದ್ರೂ ಕಬ್ಬಿಣ ಬಚ್ಚಿಡ್ತಾರೇನೇ?"

"ತಂತಿ ಎಳೆದಾಗ ಕತ್ತು ಬಾಗದೆ ಇರ್ಲಿ ಅಂತ ಇಡ್ತಾರೆ. ನಿಂಗೆ ಹೇಳ್ಬೇಕಿತ್ತು ನಾನು."

ಬೈಗುಳ ಈಗ ಬಂತು, ಇನ್ನೇನು ಬಂತು ಎಂದು ಅವನು ತಲೆ ತಗ್ಗಿಸಿ ಕಾದ. ಅವಳು ಅವನ ಹೆಬ್ಬೆರಳನ್ನು ಹಿಡಿದೆತ್ತಿದಳು. ಅದರಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಅವನಿಗೆ ಗೊತ್ತೇ ಆಗಿರಲಿಲ್ಲ. ಗಾಯ ತೊಳೆದು ಪಟ್ಟಿ ಕಟ್ಟಿದ ಮೇಲೆಯೇ ಅವಳು ಗಿಟಾರನ್ನು ಕೈಗೆತ್ತಿಕೊಂಡದ್ದು.

ಅಂದೇ ಗಿಟಾರನ್ನು ವಾದ್ಯದಂಗಡಿಗೆ ಒಯ್ದರು. ಅಲ್ಲಿನ ರಿಪೇರಿಯವನು ಕತ್ತನ್ನು ಹೊರಳಿಸಿ ನೋಡಿ ಕನ್ನಡಕ ತೆಗೆದ. ಇವನು ನಗುತ್ತಾನೆ ಎಂದು ಬಡಗಿ ಹಲ್ಲು ಕಚ್ಚಿ ನಿಂತ. ಬೇರೆ ಗಿರಾಕಿಗಳಿಗೆ ಕೇಳಿಸದ ಹಾಗೆ ರಿಪೇರಿಯವನು ದನಿ ತಗ್ಗಿಸಿದ. "ನಾನು ಹೆರೆದ ಮೊದಲನೇದೂ ಹೀಗೇ ಆಗಿತ್ತು ಯಜಮಾನ್ರೇ. ಕಂಬಿ ಮುಚ್ಚೋ ಹಾಗೆ ಗಟ್ಟಿ ಮರದ ಪಟ್ಟಿ ಕೂರಿಸಿ, ಅಂಟು ಹಾಕಿ, ಕ್ಲಾಂಪ್ ಬಿಗೀರಿ. ಪೂರ್ತಿ ಒಂದು ದಿನ ಮುಟ್ಬೇಡಿ. ಆಮೇಲೆ ತಂತಿ ಎಳೆದಾಗ ತಡೀತೋ, ಬಚಾವ್. ಇಲ್ಲಾಂದ್ರೆ ಚಟ್ ಅನ್ನುತ್ತೆ."

ಅಂಗಡಿಯಿಂದ ಬಂದವನೇ ಬಡಗಿ ಪಟ್ಟಿ ಕೂರಿಸಿದ. ಶನಿವಾರವಿಡೀ ಕ್ಲಾಂಪಿನಲ್ಲಿದ್ದ ಗಿಟಾರಿನ ಸುತ್ತ, ಹೆರಿಗೆ ಕೋಣೆಯ ಹೊರಗೆ ಸುತ್ತುವ ಗಂಡನಂತೆ ಸುತ್ತಿದ. ಭಾನುವಾರ ಬೆಳಿಗ್ಗೆ ಅಂಟನ್ನು ಉಜ್ಜಿ ನಯ ಮಾಡಿಕೊಟ್ಟ. ಅವಳು ಒಂದೊಂದೇ ತಂತಿಯ ಬಿರಡೆ ತಿರುವಿದಾಗಲೂ ಕಣ್ಣು ಮುಚ್ಚಿಕೊಂಡ. ಆರೂ ತಂತಿ ಬಿಗಿದವು. ಅಭ್ಯಾಸಕ್ಕೆ ಸಮಯ ಉಳಿದಿರಲಿಲ್ಲ.

ಬ್ಯಾಂಡಿನವರ ಕೋಣೆಯ ಬಾಗಿಲಲ್ಲಿ ಅವನು ನಿಂತ. ಕಾದ ಹೆಂಚಿನ ಮೇಲೆ ನೀರಹನಿ ಸಿಡಿದಂತೆ ತಂಗಿಯ ಬೆರಳುಗಳು ಹಾರಾಡಿದವು. ಇವಳಿಗೆ ಇಂಥ ವೇಗ ಎಲ್ಲಿತ್ತು! ಅವನು ಬಾಯಿ ಬಿಟ್ಟುಕೊಂಡು ನೋಡಿದ. ಆದರೆ ಒಂದು ಸ್ವರವೂ ಕಿವಿಗಿಳಿಯಲಿಲ್ಲ. ಕಿವಿ ಗಿಟಾರಿನ ಮರದ ಮೇಲಿತ್ತು, ಎಲ್ಲಿ ಚಟ್ ಅನ್ನುತ್ತೋ ಎಂದು.

ಸದ್ದು ನಿಂತಿತು. ನರೆಗೂದಲಿನ ಮುಖ್ಯಸ್ಥೆ ಡ್ರಮ್ಮಿನವನ ಮುಖ ನೋಡಿದಳು. ಬಳಿಕ, "ಬುಧವಾರದಿಂದ ಅಭ್ಯಾಸಕ್ಕೆ ಬಂದ್ಬಿಡಿ" ಎಂದಳು.

ತಂಗಿ ಓಡಿಬಂದು ಅವನ ತೋಳು ಹಿಡಿದು ಜಗ್ಗಿದಳು. "ಹೇಗೆ ನುಡಿಸ್ದೆ, ಹೇಳಣ್ಣ!"

ಅವನ ಅಂಗಿ ಬೆವರಿನಲ್ಲಿ ತೊಯ್ದು ಹೋಗಿತ್ತು. "ಮುರೀಲಿಲ್ಲ ಕಣೇ," ಎಂದ, ಇನ್ನೂ ನಂಬಲಾರದೆ. "ಮುರೀಲೇ ಇಲ್ಲ!"