ತೋಳು ತಟ್ಟುವ ಕೈ

ಪಿಲ್ರೇ ಅಕ್ಕನವರ ಕಿವಿ ಮಂದವಾಗಿ ಆರು ವರ್ಷ. ಕಿವಿಯ ಮಿಷನ್ನು ಹಾಕಿಕೊಂಡರೆ ತಲೆಸಿಡಿತ ಎಂದು ಅದನ್ನು ಬೀರುವಿನಲ್ಲಿಟ್ಟಿದ್ದರು. ಚರ್ಚಿನಲ್ಲಿ ಅವರ ಪಾಲಿನ ಕಿವಿ ಎಂದರೆ ಪಕ್ಕದಲ್ಲಿ ಕೂರುವ ಗೆಳತಿ ಗಿಲ್ಜಾಳ ಕೈ.

ಆ ಬಂದರೂರಿನ ಚರ್ಚಿನಲ್ಲಿ ಪ್ರಾರ್ಥನೆ ಪಿಸುಮಾತಲ್ಲ. ಪಾದ್ರಿ ಕೈಯೆತ್ತಿದರೆ ಇನ್ನೂರು ಜನ ಮೂರು ಸಲ "ಕರ್ತನೇ!" ಎಂದು ಕೂಗಿ, ಆಮೇಲೆ ತಮ್ಮ ತಮ್ಮ ಗೋಳನ್ನು ಒಟ್ಟಿಗೇ ಗಟ್ಟಿಯಾಗಿ ಹೇಳಿಕೊಳ್ಳುತ್ತಾರೆ. ಆ ಗದ್ದಲದಲ್ಲಿ ಯಾರದೂ ಯಾರಿಗೂ ಕೇಳದು. ಕಟ್ಟಿಕೊಂಡ ಗಂಡನಿಗೂ ಹೇಳದ್ದನ್ನು ಅಲ್ಲಿ ಬಾಯಿಬಿಟ್ಟು ಹೇಳಬಹುದು. ಪಾದ್ರಿ ಗಂಟೆ ಬಾರಿಸಿದೊಡನೆ ಎಲ್ಲರೂ ಗಪ್‌ಚಿಪ್. ಆಗ ಗಿಲ್ಜಾ, ಕಣ್ಣು ಮುಚ್ಚಿ ಕೂಗುತ್ತಿರುವ ಪಿಲ್ರೇ ಅವರ ತೋಳು ತಟ್ಟಬೇಕು. ಒಮ್ಮೆಯೂ ತಪ್ಪಿರಲಿಲ್ಲ.

ಆ ಭಾನುವಾರ ಪ್ರಾರ್ಥನೆಯ ಬೆನ್ನಿಗೇ ಚೀಟಿ ಹಾಕಿ ಆಯ್ಕೆ ಮಾಡುವುದಿತ್ತು. ಸಭೆಯ ಹಿರಿಯಮ್ಮನ ಸ್ಥಾನ ಒಂದೇ, ನಿಂತವರು ಇವರಿಬ್ಬರು. ಇಪ್ಪತ್ತು ಚಳಿಗಾಲ ಚರ್ಚಿನ ಕಿಮ್ಚಿ ಉಪ್ಪಿನಕಾಯಿಗೆ ಎಲೆಕೋಸು ತೊಳೆದೂ ತೊಳೆದೂ ಗಿಲ್ಜಾಳ ಬೆರಳು ಸೆಟೆದಿದ್ದವು. ಜನರ ಬಾಯಲ್ಲಿ ಮಾತ್ರ ಪಿಲ್ರೇ, ಪಿಲ್ರೇ. ಪುಣ್ಯವಂತರನ್ನು ಕಂಡರೆ ಹೊಟ್ಟೆ ಉರಿಯುವಷ್ಟು ಪಾಪಿಗಳನ್ನು ಕಂಡರೆ ಉರಿಯುವುದಿಲ್ಲ.

"ಮುಖ ಯಾಕೇ ಬಾಡಿದೆ? ಊಟ ಮಾಡಿದ್ಯಾ?" ಎಂದು ಪಿಲ್ರೇ ಕೇಳಿದರು.

"ಮಾಡ್ದೆ ಅಕ್ಕ," ಎಂದಳು ಗಿಲ್ಜಾ ಅವರ ಕಿವಿಯತ್ತ ಬಾಗಿ.

ಗದ್ದಲ ಎದ್ದಿತು. ಗಂಟೆ ಬಾರಿಸಿತು. ಗದ್ದಲ ನಿಂತಿತು. ಗಿಲ್ಜಾ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡಳು.

"...ಮಗಳನ್ನ ಕ್ಷಮಿಸು ಕರ್ತನೇ," ಪಿಲ್ರೇ ಅವರ ಒಂಟಿ ದನಿ ಚರ್ಚಿನ ತುಂಬ ಮೊಳಗಿತು. "ಅತ್ತೆ ಮನೇಲಿ ಸತ್ತೋರ ಎಡೆ ಮುಂದೆ ಅಡ್ಡಬಿದ್ದಳಂತೆ. ಬೀಳು ಅಂದೋಳು ನಾನೇ. ಮನೆ ಮುರೀದೇ ಇರ್ಲಿ ಅಂತ ಅಂದೆ."

ಜನ ಹಿಂತಿರುಗಿ ನೋಡಿದರು. ಸತ್ತವರಿಗೆ ಅಡ್ಡಬೀಳುವುದು ಇಲ್ಲಿ ವಿಗ್ರಹಪೂಜೆಯಷ್ಟೇ ಪಾಪ; ಹಾಗೆ ಹೇಳಿಕೊಟ್ಟವಳಿಗೆ ಯಾರು ಚೀಟಿ ಹಾಕುತ್ತಾರೆ? ಸಾಕಿತ್ತು, ಗಿಲ್ಜಾಳಿಗೂ ಅದು ಗೊತ್ತಿತ್ತು. ಆದರೆ ಮನುಷ್ಯರ ಆಸೆಗೆ ಸಾಕು ಎಂಬುದಿಲ್ಲ. ಇನ್ನೊಂದು ಮಾತು ಬರಲಿ ಎಂದು ಕಾದಳು.

ಬಂತು.

"ಹಿರಿಯಮ್ಮನ ಸ್ಥಾನ ನಂಗ್ ಬೇಡಪ್ಪ. ನಮ್ ಗಿಲ್ಜಾಗೆ ಕೊಡು. ಇವಳ ಮಗ ಕುಡಿದು ಗಾಡಿ ಓಡ್ಸಿ ಒಂದು ಜೀವ ತೆಗೆದು ಜೈಲಲ್ಲಿದಾನೆ, ಇವಳು ಕೆನಡಾದಲ್ಲಿದಾನೆ ಅಂತ ಎಲ್ರಿಗೂ ಹೇಳ್ಕೊಂಡು ಒಳಗೊಳಗೇ—"

ಗಿಲ್ಜಾ ಆ ತೋಳನ್ನು ತಟ್ಟಲಿಲ್ಲ, ಉಗುರು ನಾಟುವ ಹಾಗೆ ಹಿಡಿದಳು.

ಪಿಲ್ರೇ ಕಣ್ಣು ಬಿಟ್ಟರು. ಎಲ್ಲರ ಬಾಯಿ ಮುಚ್ಚಿತ್ತು. "ಗಂಟೆ ಹೊಡೆದು ತುಂಬ ಹೊತ್ತಾಯ್ತೇನೇ?"

ಗಿಲ್ಜಾ ಅವರ ಕಿವಿಗೆ ಬಾಯಿಟ್ಟು, "ಈಗಷ್ಟೇ ಅಕ್ಕ," ಎಂದಳು.

ಪಿಲ್ರೇ ನಂಬಿದರು. ಆರು ವರ್ಷ ನಂಬಿದವರು ಇನ್ನೇನು ಮಾಡಿಯಾರು?

ಚೀಟಿ ಎಣಿಸಿದರು. ಹೆಚ್ಚಿನವು ಏನೂ ಬರೆಯದ ಚೀಟಿಗಳು; ಗೆಲ್ಲಲು ಬೇಕಾದ ಅರ್ಧ ಇಬ್ಬರಿಗೂ ಬೀಳಲಿಲ್ಲ. ಸ್ಥಾನ ಖಾಲಿಯೇ ಉಳಿಯಿತು.

ಊಟದ ಸಾಲಿನಲ್ಲಿ ಸಾರು ಬಡಿಸುತ್ತಿದ್ದ ಹೆಂಗಸು ಸೌಟು ಎತ್ತಿ ಹಿಡಿದೇ ಕೇಳಿದಳು: "ಕೆನಡಾದಲ್ಲಿ ಚಳಿ ಹೇಗಿದೆಯಂತೆ ಗಿಲ್ಜಾ? ಮಗನಿಗೆ ಬೆಚ್ಚಗೆ ಕಂಬಳಿ ಕೊಡ್ತಾರಂತಾ?"

ಸಾಲಿನ ಉದ್ದಕ್ಕೂ ಕಿಸಕ್ಕನೆ ನಗು. ಒಂದು ಗಂಟೆ ಹಿಂದೆ ಕ್ಷಮೆಗಾಗಿ ಗೋಳಾಡಿದ ಬಾಯಿಗಳೇ ಅವು.

ಇವರ ಮೇಜಿಗೆ ಯಾರೂ ಬರಲಿಲ್ಲ. ಪಿಲ್ರೇ ಖಾಲಿ ಕುರ್ಚಿಗಳನ್ನು ನೋಡಿ, ತಮ್ಮ ಬಟ್ಟಲಿನ ಮೀನಿನ ತುಂಡನ್ನು ಗಿಲ್ಜಾಳ ಅನ್ನದ ಮೇಲಿಟ್ಟರು.

"ಎಲ್ಲ ಯಾಕೆ ದೂರ ಕೂತಿದಾರೆ? ಏನಾದ್ರೂ ಅಂದ್ರಾ?"

"ಏನಿಲ್ಲ, ಅಕ್ಕ."

"ಸೀಟು ಹೋದ್ರೆ ಹೋಗ್ಲಿ ಬಿಡು, ತಿನ್ನು." ತೋಳಿನಲ್ಲಿ ಉಗುರು ನಾಟಿದ ಜಾಗವನ್ನು ಉಜ್ಜಿಕೊಳ್ಳುತ್ತ ಪಿಲ್ರೇ ಎಂದರು, "ನಾಳೆ ಬೆಳಗಿನ ಜಾವದ ಪ್ರಾರ್ಥನೆಗೆ ಬರ್ತೀಯಲ್ವಾ? ನಿನ್ ಕೈ ಇಲ್ದಿದ್ರೆ ನಂಗೆ ಎಲ್ಲಿ ನಿಲ್ಲಿಸ್ಬೇಕು ಅಂತ್ಲೇ ಗೊತ್ತಾಗಲ್ಲ ಕಣೇ."