ಅಂಗಳವಿಲ್ಲದ ಮನೆಗೆ ಸುಗ್ಗಿ

ಧಾರೇಶ್ವರದ ತಿರುವಿನಲ್ಲಿ ಗುಮಟೆ ವಾದ್ಯದ ಸದ್ದು ಕೇಳಿದ್ದೇ ತಡ, ನಾಗು ಕೈಯಲ್ಲಿದ್ದ ಕಸಬರಿಗೆ ಬಿಸಾಡಿ ಮೆಟ್ಟಿಲ ಬುಡಕ್ಕೆ ಓಡಿ ಬಂದಳು. ಸುಗ್ಗಿ ಮೇಳ ಬರುತ್ತಿತ್ತು. ಹೋಳಿ ಹುಣ್ಣಿಮೆಗೆ ಮುಂಚೆ, ತಲೆಗೆ ಬೆಂಡಿನ ಹೂವಿನ ಎತ್ತರದ ತುರಾಯಿ ಕಟ್ಟಿದ ಗಂಡಸರು ಮನೆಮನೆಯ ತುಳಸಿಯ ಮುಂದೆ ಕುಣಿಯಬೇಕು. ಕುಣಿದರೆ ಹಳೆಯ ಪೀಡೆ ಹೊರಗೆ, ಹೊಸ ಬೆಳೆ ಒಳಗೆ. ನಾಗು ಹುಟ್ಟಿದಾಗಿನಿಂದ ನಂಬಿಕೊಂಡು ಬಂದದ್ದು ಅದನ್ನೇ.

ಹೋದ ವರ್ಷ ಮೇಳ ಅವಳ ಮನೆಯಲ್ಲಿ ಕುಣಿಯಲಿಲ್ಲ. ಹೆದ್ದಾರಿ ಅಗಲವಾದಾಗ ಅಂಗಳ ಹೋಗಿತ್ತು, ಅದರ ಜೊತೆ ತುಳಸಿಕಟ್ಟೆಯೂ. ಬಾಗಿಲು ತೆಗೆದರೆ ಲಾರಿ. ಮೇಳದವರು ರಸ್ತೆಯಂಚಿನಲ್ಲೇ ಕಾಯಿ ತೆಗೆದುಕೊಂಡು ಮುಂದೆ ನಡೆದಿದ್ದರು. ವರ್ಷವಿಡೀ ಅವಳಿಗೆ ಮನೆಯೇ ಉಪವಾಸ ಕೂತ ಹಾಗೆ ಅನಿಸಿತ್ತು. ಈ ಸಲ ತುಳಸಿಯನ್ನು ಮನೆಯ ತಾರಸಿಯ ಸ್ಲ್ಯಾಬಿನ ಮೇಲೆ ಇಟ್ಟು, ಸಗಣಿ ಸಾರಿಸಿ, ಎಂಟು ಜನ ಸುತ್ತು ಬರುವಷ್ಟು ಜಾಗ ಅಳೆದಿದ್ದಳು. ಹೊರಗಿನ ಮೆಟ್ಟಿಲು ಸಾಕಾಗುವುದೋ ಇಲ್ಲವೋ ಎಂದು ಗಂಡ ತಿಮ್ಮನನ್ನು ಎರಡು ಸಲ ಹತ್ತಿಸಿ ಇಳಿಸಿದ್ದಳು.

"ತುಳಸಿ ಮೇಲೆ ಅದೆ, ಮಂಜಣ್ಣ. ಜಾಗ ಬೇಕಾದಷ್ಟು ಅದೆ, ಹತ್ತಿ" ಎಂದಳು ಮೇಳದ ಯಜಮಾನನಿಗೆ.

ಮಂಜು ಎರಡು ಮೆಟ್ಟಿಲು ಹತ್ತಿ ನಿಂತುಬಿಟ್ಟ. ಮಳೆಗೆಂದು ಮೆಟ್ಟಿಲ ಮೇಲೆ ಹಾಕಿದ್ದ ತಗಡಿಗೆ ಅವನ ತುರಾಯಿಯ ತುದಿ ತಾಗುತ್ತಿತ್ತು. ಊರು ಸುತ್ತಿ ಮುಗಿಯುವವರೆಗೆ ತುರಾಯಿ ಬಿಚ್ಚುವಂತಿಲ್ಲ, ಅದನ್ನು ಹೊತ್ತವರು ತಲೆ ತಗ್ಗಿಸುವಂತಿಲ್ಲ.

"ಇದ್ರ ಕೆಳಗೆ ಹೆಂಗೆ ಹೋಗುದು, ನಾಗು?"

ತಿಮ್ಮ ನಕ್ಕ. "ನನ್ನ ತಲೆ ಅಳತೆ ತಕಂಡ್ಯಲ್ಲೆ. ನಂಗೆಂತ ತುರಾಯಿ ಇತ್ತಾ?"

"ನಿಂಗೆ ತುರಾಯಿ ಕಟ್ಟುಕೆ ತಲೇಲಿ ಕೂದ್ಲಾದ್ರೂ ಇರಬೇಕಲ್ಲ" ಎಂದಳು ನಾಗು. ಬಾಯಿ ಜೋರಾಗಿತ್ತು, ಕಣ್ಣು ತಗಡಿನ ನಟ್ಟು ಎಣಿಸುತ್ತಿತ್ತು.

ಮಂಜು ಬಿಸಿಲು ನೋಡಿದ. "ಇನ್ನೂ ಏಳು ಮನೆ ಅದೆ, ತಂಗಿ. ಒಂದು ಪದ ಇಲ್ಲೇ ಹಾಡ್ಸ್ತೆ. ಮುಗಿಯುದ್ರೊಳಗೆ ದಾರಿ ಆದ್ರೆ ಹತ್ತುವ. ಇಲ್ದಿದ್ರೆ ಹೋದ ವರ್ಷದ ಹಂಗೇ."

ಮೇಳದ ಹಿರಿಯ ಹಾಡುಗಾರ ಬೊಮ್ಮಜ್ಜ ರಸ್ತೆ ಬದಿಯಲ್ಲಿ ನಿಂತು ಪದ ಎತ್ತಿದ. ಆ ಪದ ನಾಗುವಿಗೆ ಬಾಯಿಪಾಠ. ಹನ್ನೆರಡು ನುಡಿ, ಒಂದು ಹೆಚ್ಚಿಲ್ಲ. ತಗಡಿಗೆ ಇದ್ದದ್ದು ಹತ್ತು ನಟ್ಟು. ತಿಮ್ಮ ತಗಡು ಬಿಚ್ಚಲು ಪಾನಾ ಹಿಡಿದು ಸ್ಟೂಲು ಹತ್ತಿದ, ನಾಗು ಸ್ಟೂಲಿನ ಕಾಲು ಹಿಡಿದಳು. ಅಜ್ಜ ಪದದಲ್ಲಿ ಭೂಮಿಗೆ ಕೈಮುಗಿಯುವಾಗ ಒಂದು ನಟ್ಟು ಬಂತು. ಬಿತ್ತನೆ, ನೆಟ್ಟಿ, ಕಳೆ. ನಾಲ್ಕು ನಟ್ಟು. ಕೊಯ್ಲು ಮುಗಿದು ಕಣಜ ತುಂಬುವಾಗ ಏಳನೆಯದು ತುಕ್ಕು ಹಿಡಿದು ಜಪ್ಪಯ್ಯ ಅನ್ನಲಿಲ್ಲ.

"ಬೇಗ, ಮಾರಾಯ. ಹನ್ನೆರಡನೇ ನುಡಿ ಬಂತು."

"ನಾ ಎಂತ ಹಲ್ಲಲ್ಲಿ ಕಚ್ಚಿ ತೆಗಿಯುದಾ?"

ಹನ್ನೆರಡನೆಯ ನುಡಿ ಮುಗಿಯಿತು. ನಾಗು ಕಣ್ಣು ಮುಚ್ಚಿದಳು. ಗುಮಟೆ ಮಾತ್ರ ನಿಲ್ಲಲಿಲ್ಲ. ಬೊಮ್ಮಜ್ಜ ಒಂದು ಉಸಿರು ಎಳೆದುಕೊಂಡು ಅದೇ ಧಾಟಿಯಲ್ಲಿ ಅಪ್ಸರಕೊಂಡದ ನೀರಿಗೆ ಕೈಮುಗಿದ. ಆಮೇಲೆ ಅಘನಾಶಿನಿಯ ಮೀನುಗಳನ್ನು ಒಂದೊಂದಾಗಿ ಕರೆದ. ಭಟ್ಕಳದ ಮಲ್ಲಿಗೆಯನ್ನು ಕರೆದ. ಇಂಥ ನುಡಿ ನಾಗು ಜನ್ಮದಲ್ಲಿ ಕೇಳಿರಲಿಲ್ಲ.

"ಅಜ್ಜ, ಇದ್ಯಾವ ಪದ?" ಎಂದ ಕುಣಿಯುವವನೊಬ್ಬ.

"ನಿಂಗೆಂತಕ್ಕೆ, ನೀ ಕುಣಿ" ಎಂದು ಅಜ್ಜ ತಾಳ ತಪ್ಪದೆ ಹೇಳಿ, ಹೊನ್ನಾವರದ ದೋಣಿಗಳನ್ನು ಒಂದೊಂದಾಗಿ ದಡಕ್ಕೆ ತಂದ. ಮಂಜು ಮೀಸೆಯಡಿಯಲ್ಲಿ ನಕ್ಕ. ಯಜಮಾನ ಕೊಟ್ಟ ಮಾತು ಪದ ಮುಗಿಯುವವರೆಗೆ, ಪದ ಮುಗಿದಿರಲಿಲ್ಲವಲ್ಲ.

ಹತ್ತನೆಯ ನಟ್ಟು ಟಣ್ಣೆಂದು ಮೆಟ್ಟಿಲ ಮೇಲೆ ಬಿತ್ತು. ತಿಮ್ಮ ತಗಡನ್ನು ತಲೆಯ ಮೇಲೆ ಹೊತ್ತು ಪಕ್ಕಕ್ಕೆ ಸರಿದ. ಮೆಟ್ಟಿಲಿಗೆಲ್ಲ ಆಕಾಶ ಕಂಡಿತು. ಮಂಜು ಕತ್ತು ನೆಟ್ಟಗಿಟ್ಟು ಹತ್ತಿದ, ಹಿಂದೆಯೇ ಏಳು ತುರಾಯಿ. ಸ್ಲ್ಯಾಬು ಧಿಮ್ಮೆಂದಿತು. ರಸ್ತೆಯಲ್ಲಿ ಲಾರಿಯೊಂದು ತಾನಾಗಿ ನಿಧಾನವಾಯಿತು.

ಬೊಮ್ಮಜ್ಜ ಮಾತ್ರ ಕೆಳಗೇ ನಿಂತಿದ್ದ. ನಾಗು ಅವನ ಕೈ ಹಿಡಿದಳು. "ಬಾ ಅಜ್ಜ, ನಿಧಾನ ಹತ್ತಿಸ್ತೆ."

"ಮಂಡಿ ಕೇಳುದಿಲ್ಲ ಮಗಾ. ನೀ ಹೋಗಿ ನೋಡು, ನಾ ಇಲ್ಲಿಂದಲೇ ಪದ ಹೇಳ್ತೆ" ಎಂದು ಅಜ್ಜ ಮತ್ತೊಂದು ನುಡಿ ಎತ್ತಿದ. ಅದು ಮೇಲಕ್ಕೆ ಹೋದ ತುಳಸಿಯದು. ನಾಗು ಸೆರಗು ಸಿಕ್ಕಿಸಿ ಎರಡೆರಡು ಮೆಟ್ಟಿಲು ಹಾರಿ ಓಡಿದಳು.